ತುಟಿ ಕಾಣುವಷ್ಟು ದೊಡ್ಡ ಟಿವಿ

ನಮ್ಮ ಅತ್ತೆಗೆ ಕಿವಿ ಕೇಳಿಸುವುದಿಲ್ಲ. ನಾನು ಮದುವೆಯಾಗಿ ಮುಳಬಾಗಿಲಿಗೆ ಬಂದಾಗ ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕಿತ್ತು. ಹನ್ನೆರಡು ವರ್ಷಗಳಲ್ಲಿ ಅದೂ ಹೋಯಿತು. ಕಿವಿಗೆ ಹಾಕಿಕೊಳ್ಳುವ ಮೆಷಿನ್ ತಂದುಕೊಟ್ಟೆವು. "ಒಳಗೆಲ್ಲಾ ಸೀಟಿ ಹೊಡಿತದೆ" ಎಂದು ಮೂರನೇ ದಿನಕ್ಕೇ ಬೀರುವಿನಲ್ಲಿಟ್ಟರು. ಟಿವಿ ನೋಡುವುದನ್ನು ಮಾತ್ರ ಬಿಡಲಿಲ್ಲ. ಇಪ್ಪತ್ತನಾಲ್ಕು ಇಂಚಿನ ಹಳೆಯ ಟಿವಿಯ ಮುಂದೆ, ಕೈ ಚಾಚಿದರೆ ಪರದೆ ಮುಟ್ಟುವಷ್ಟು ಹತ್ತಿರ ಚಾಪೆ ಹಾಕಿಕೊಂಡು ಕೂತು ತೆಲುಗು ಧಾರಾವಾಹಿ ನೋಡುತ್ತಿದ್ದರು. ಅವರ ತವರು ಯಲ್ದೂರಿನ ಕಡೆ; ಕನ್ನಡದಷ್ಟೇ ಸಲೀಸಾಗಿ ತೆಲುಗು ಬರುತ್ತದೆ. ಧಾರಾವಾಹಿಯವರ ತುಟಿ ನೋಡಿ ಮಾತು ಹಿಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಎಷ್ಟು ಹಿಡಿಯುತ್ತಾರೆ ಎಂದು ಯಾವತ್ತೂ ಕೇಳಿರಲಿಲ್ಲ.

ಆ ಟಿವಿಯ ನಡುವೆ ಮೊದಲು ಒಂದು ಗೆರೆ ಬಿತ್ತು. ಒಂದು ವಾರದಲ್ಲಿ ಅರ್ಧ ಪರದೆ ಕಪ್ಪಾಯಿತು. ರಿಪೇರಿಯವನು ಹಿಂದಿನ ಮುಚ್ಚಳವನ್ನೂ ಬಿಚ್ಚದೆ, ಪ್ಯಾನಲ್ ಹೋಗಿದೆ, ಇದಕ್ಕೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದೆ ಎಂದು ಹೇಳಿ ಹೋದ.

"ಈ ಸಲ ಸ್ವಲ್ಪ ದೊಡ್ಡದೇ ತಗೊಳೋಣ. ಅಮ್ಮ ಅದಕ್ಕೆ ಮೂಗು ತಾಗಿಸ್ಕೊಂಡು ಕೂರೋದು ತಪ್ಪುತ್ತೆ" ಎಂದರು ನನ್ನ ಗಂಡ. ಅವರಿಗೆ ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ, ವಾರದ ರಜೆ ಭಾನುವಾರ ಸಿಗುವುದಿಲ್ಲ. ನಾನು ನಂಗಲಿಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಹಾಗಾಗಿ ಟಿವಿ ಹುಡುಕುವ ಕೆಲಸ ನನ್ನ ಭಾನುವಾರಗಳ ಮೇಲೆ ಬಿತ್ತು. ಕೈಯಲ್ಲಿದ್ದದ್ದು ಇಪ್ಪತ್ತು ಸಾವಿರ. ಕಂತಿನ ಮಾತೇ ಬೇಡ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು.

ಇನ್ನೊಂದು ತೊಡಕಿತ್ತು. ನಮ್ಮದು ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆದರೂ ಓನರ್ ಮುಖ ಊದಿಸಿಕೊಳ್ಳುತ್ತಾರೆ. ಟಿವಿ ಇಡುವುದಕ್ಕೆ ಹಾಲಿನ ಗೋಡೆಯಲ್ಲೇ ಕಲ್ಲು ಹಾಸಿದ ಗೂಡು ಮಾಡಿಸಿದ್ದಾರೆ. ಬಟ್ಟೆ ಹೊಲಿಯುವ ಟೇಪು ಹಿಡಿದು ಅಳೆದೆ. ಅಗಲ ಮೂವತ್ತಾರೂವರೆ ಇಂಚು. ನಲವತ್ತಮೂರು ಇಂಚಿನ ಟಿವಿ ಅದರೊಳಗೆ ಕೂರುವುದಿಲ್ಲ. ಮೂವತ್ತೆರಡು ಕೂರುತ್ತದೆ, ಆದರೆ ಮಂಚದ ಮೇಲೆ ಕೂತರೆ ಅತ್ತೆಗೆ ತುಟಿ ಕಾಣುವುದಿಲ್ಲ. ಉಳಿದದ್ದು ನಲವತ್ತು. ನಲವತ್ತು ಇಂಚಿನದನ್ನು ಈಗ ಯಾವ ಅಂಗಡಿಯವರೂ ಇಡುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ಭಾನುವಾರ ಅತ್ತೆಯನ್ನು ಕರೆದುಕೊಂಡು ಮುಳಬಾಗಿಲಿನಲ್ಲೇ ಒಂದು ಅಂಗಡಿಗೆ ಹೋದೆ. ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಚಿತ್ರ: ಕೆಂಪು ಗಿಳಿ ಹಾರುತ್ತದೆ, ಜೇನುತುಪ್ಪ ಸುರಿಯುತ್ತದೆ, ನೀರಿನೊಳಗೆ ಮೀನು ಬಾಲ ಆಡಿಸುತ್ತದೆ.

"ಒಂದು ಮನುಷ್ಯರ ಮುಖ ತೋರ್ಸಿ. ಯಾವುದಾದ್ರೂ ಸೀರಿಯಲ್ ಹಾಕಿ" ಎಂದೆ.

"ಕೇಬಲ್ ಇಲ್ಲ ಮೇಡಂ, ಪೆನ್ ಡ್ರೈವ್ ಹಾಕಿರೋದು. ಕಲರ್ ನೋಡಿ ಮೇಡಂ, ಗಿಳಿ ಹೆಂಗೆ ಮೈಮೇಲೇ ಬಂದಂಗೈತೆ!"

"ಗಿಳಿ ಬೇಡಪ್ಪ. ಮಾತಾಡೋವ್ರ ಬಾಯಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ನೋಡ್ಬೇಕು. ಇವ್ರಿಗೆ ಕಿವಿ ಕೇಳಲ್ಲ."

ಅವನು ಅತ್ತೆಯ ಕಡೆ ತಿರುಗಿ, ಅವರ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದ: "ಅಜ್ಜೀ! ಇಪ್ಪತ್ನಾಲ್ಕು ವ್ಯಾಟ್ ಸೌಂಡು! ಬೀದಿಗೆಲ್ಲಾ ಕೇಳ್ತದೆ!" ನಲವತ್ತು ಇಂಚು ಬೇಕೆಂದಾಗ ನಕ್ಕುಬಿಟ್ಟ. ಮೂವತ್ತೆರಡು, ಇಲ್ಲವೆಂದರೆ ನಲವತ್ತಮೂರು, ಮಧ್ಯದ್ದನ್ನು ಯಾರು ಕೇಳುತ್ತಾರೆ ಎಂದ.

ಎರಡನೇ ಭಾನುವಾರ ಮಾಲೂರು. ಗಂಡನ ಜೊತೆ ಕೆಲಸ ಮಾಡುವವರೊಬ್ಬರು ಅಲ್ಲಿ ನಲವತ್ತು ನೋಡಿದ್ದೇನೆ ಎಂದಿದ್ದರು. ಫೋನ್ ಮಾಡಿ, ತೆಗೆದಿಡಿ, ಬರುತ್ತೇವೆ ಎಂದು ಹೇಳಿಯೇ ಹೊರಟೆವು. ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಬಿಸಿಲಲ್ಲಿ ನಡೆದು ಅಂಗಡಿ ತಲುಪಿದರೆ, "ಬೆಳಿಗ್ಗೆ ತಾನೇ ಒಬ್ರು ತಗೊಂಡೋದ್ರು ಮೇಡಂ, ನೀವು ಬರಲ್ಲ ಅಂದ್ಕೊಂಡೆ" ಎಂದ.  ಆ ಸಿಟ್ಟಿನಲ್ಲಿ ಮಾರನೆಯ ದಿನ ತರಗತಿಯಲ್ಲಿ ಮಕ್ಕಳ ಮೇಲೆ ರೇಗಿದೆ.

ಮೂರನೇ ಭಾನುವಾರ ಕೋಲಾರದ ಒಂದು ದೊಡ್ಡ ಅಂಗಡಿಯಲ್ಲಿ ಕೊನೆಗೂ ನಲವತ್ತು ಸಿಕ್ಕಿತು. ಅಲ್ಲಿ ಡಿಶ್ ಇತ್ತು. ವಾರ್ತೆ ಹಾಕಿಸಿದೆ. ಅತ್ತೆ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು ನೋಡಿ, "ಚೆನ್ನಾಗಿ ಕಾಣಿಸ್ತದೆ ಕಣಮ್ಮ" ಎಂದರು. ಬೆಲೆ ನಮ್ಮ ಕೈಗೆ ಎಟಕುವಂಥದ್ದೇ. ನನಗೆ ತಲೆಯ ಮೇಲಿನ ಮೂಟೆ ಇಳಿದಂತಾಯಿತು. ಎರಡು ಸಾವಿರ ಅಡ್ವಾನ್ಸ್ ಕೊಟ್ಟೆ. ಸೇಲ್ಸ್‌ನವನು ಬಿಲ್ ಮಾಡಿಸಲು ಗಾಜಿನ ಕ್ಯಾಬಿನ್ನಿನೊಳಗೆ ಮಾಲೀಕನ ಹತ್ತಿರ ಹೋದ. ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು.

ಎರಡು ನಿಮಿಷವೂ ಆಗಿರಲಿಲ್ಲ, ಅತ್ತೆ ನನ್ನ ಸೆರಗು ಎಳೆದರು. "ಬೇಡ. ಇದು ಬೇಡ. ನಡಿ ಹೋಗಣ."

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ಭಾನುವಾರ, ಎಷ್ಟು ಬಸ್ಸು, ಎಷ್ಟು ಜನರ ಹತ್ತಿರ ಗೋಗರೆದದ್ದು. ಅವರ ಮುಖದೆದುರು ಬಾಯಿ ಅಗಲಿಸಿ, ಕೈ ಆಡಿಸಿ, ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. "ನಿಮಗೋಸ್ಕರ ತಾನೇ ಇಷ್ಟೆಲ್ಲ ಅಲೀತಿರೋದು? ಈಗ್ತಾನೆ ಚೆನ್ನಾಗಿದೆ ಅಂದ್ರಿ! ಇನ್ನೇನ್ ಬೇಕು ನಿಮಗೆ?"

ಅತ್ತೆ ಎದ್ದು ಹೊರಗೆ ಹೋಗಿ ಫುಟ್‌ಪಾತಿನಲ್ಲಿ ನಿಂತರು. ಸಿಟ್ಟಿನಲ್ಲೇ ಹಿಂದೆ ಹೋದೆ.

"ಅವ್ನು ಗಾಜಿನ ಒಳಗೆ ಓನರ್‌ಗೆ ಹೇಳ್ದ, 'ಆ ರಿಟರ್ನ್ ವಚ್ಚಿಂದೇ ಇಚ್ಚೇದ್ದಾಂ' ಅಂತ. ಪೂರ್ತಿ ಸಿಕ್ಕಿಲ್ಲ ನಂಗೆ. ಅಷ್ಟು ಮಾತ್ರ ಸಿಕ್ತು."

ಯಾರೋ ಹಿಂದಿರುಗಿಸಿದ್ದನ್ನೇ ಇವರಿಗೆ ಕೊಟ್ಟುಬಿಡೋಣ ಎಂದು! ನನಗೆ ನಂಬಿಕೆ ಬರಲಿಲ್ಲ. ಅಷ್ಟು ದೂರ, ಮಧ್ಯೆ ಗಾಜು ಬೇರೆ. ಆದರೂ ಒಳಗೆ ಹೋಗಿ ನಮಗೆ ಕೊಡುವ ಡಬ್ಬ ತೋರಿಸಿ ಎಂದೆ. ತಂದಿಟ್ಟರು. ಟೇಪಿನ ಮೇಲೆ ಇನ್ನೊಂದು ಟೇಪು. ಒಳಗೆ ಸ್ಕ್ರೂಗಳ ಕವರ್ ಹರಿದಿತ್ತು, ರಿಮೋಟಿಗೆ ಆಗಲೇ ಸೆಲ್ ಹಾಕಿತ್ತು.

"ಇದು ವಾಪಸ್ ಬಂದಿರೋ ಪೀಸಾ?"

"ಯಾರು ಹೇಳಿದ್ದು ಮೇಡಂ ನಿಮಗೆ?"

ನಾನು ಬಾಗಿಲಾಚೆ ನಿಂತಿದ್ದ ಅತ್ತೆಯನ್ನು ತೋರಿಸಿದೆ. ಅವನು ಅವರನ್ನು ನೋಡಿದ, ಆಮೇಲೆ ಕ್ಯಾಬಿನ್ನಿನ ಗಾಜು ನೋಡಿದ. ಮಾಲೀಕ ಎದ್ದು ಬಂದು, ಬಾಕ್ಸ್ ಓಪನ್ ಆಗಿದೆ ಅಷ್ಟೇ, ಪೀಸಿಗೆ ಏನೂ ಆಗಿಲ್ಲ ಎಂದ. ಅಡ್ವಾನ್ಸ್ ವಾಪಸು ಕೊಡುವುದಿಲ್ಲ, ಬೇರೆ ಏನಾದರೂ ತೆಗೆದುಕೊಳ್ಳಿ, ಮಿಕ್ಸಿ ನೋಡಿ ಎಂದ. ಅರ್ಧ ಗಂಟೆ ಜಗಳವಾಡಿ ದುಡ್ಡು ಬಿಡಿಸಿಕೊಂಡು ಹೊರಗೆ ಬಂದೆ.

ಬಸ್ಸು ಕೋಲಾರ ದಾಟಿದ ಮೇಲೆ ಅತ್ತೆಯ ಭುಜ ಮುಟ್ಟಿ, ನನ್ನ ಕಡೆ ತಿರುಗಿಸಿಕೊಂಡು ಕೇಳಿದೆ: "ಎಷ್ಟು ದೂರದಿಂದ ಗೊತ್ತಾಗುತ್ತೆ ನಿಮಗೆ?"

"ಮುಖದ್ ಮೇಲೆ ಬೆಳಕಿದ್ರೆ ಸಾಕು."

"ಮನೇಲೂನಾ?"

ಅವರು ಕಿಟಕಿಯ ಕಡೆ ನೋಡಿದರು. ಅತ್ತಲೇ ನೋಡುತ್ತ ಹೇಳಿದರು: "ಅಡುಗೆಮನೇಲಿ ಲೈಟು ಚೆನ್ನಾಗೈತೆ."

 ಸಂಜೆ ಅಡುಗೆಮನೆಯಲ್ಲಿ ನಿಂತು ನಾನು ಗಂಡನ ಹತ್ತಿರ, ಫೋನಿನಲ್ಲಿ ನನ್ನ ಅಕ್ಕನ ಹತ್ತಿರ ಏನೇನು ಹೇಳಿಕೊಂಡಿರಲಿಲ್ಲ! ಸಾರಿಗೆ ಉಪ್ಪಿಲ್ಲ ಅಂದರು, ಬಚ್ಚಲಲ್ಲಿ ಒಂದು ಗಂಟೆ ಕೂರುತ್ತಾರೆ, ಇವರನ್ನು ಬಿಟ್ಟು ಒಂದು ದಿನವೂ ತವರಿಗೆ ಹೋಗುವ ಹಾಗಿಲ್ಲ. ಹಾಲಿನಿಂದ ನೋಡಿದರೆ ನೇರ ಒಲೆಯೇ ಕಾಣುತ್ತದೆ. ಹೇಗೂ ಕೇಳಿಸುವುದಿಲ್ಲವಲ್ಲ ಎಂದು ನಾನು ದನಿ ಕೂಡ ತಗ್ಗಿಸುತ್ತಿರಲಿಲ್ಲ.

"ತಪ್ಪಾಯ್ತು ಅತ್ತೆ" ಎಂದೆ. ಇವತ್ತಿನದಕ್ಕೋ, ಎಲ್ಲದಕ್ಕೋ, ನನಗೇ ಗೊತ್ತಿರಲಿಲ್ಲ.

"ಮನೇಲಿ ಎಲ್ರೂ ಅಂತಾರೆ, ಬಿಡು. ನಮ್ಮತ್ತೇನ ನಾನೂ ಅಂದಿದೀನಿ. ಅಂಗಡೀಲಿ ಅಷ್ಟು ಜನದ ಮುಂದೆ ಬೈದ್ಯಲ್ಲ, ಅದು ಮಾತ್ರ ಬೇಜಾರಾಯ್ತು" ಎಂದರು. ಕಡಲೆಕಾಯಿ ಪೊಟ್ಟಣ ಬಿಚ್ಚಿ ಅರ್ಧ ನನ್ನ ಕೈಗೆ ಸುರಿದರು. 

ನಾಲ್ಕನೇ ಭಾನುವಾರ ಎಲ್ಲಿಗೆ ಹೋಗಬೇಕು ಎಂದು ಅವರೇ ಹೇಳಿದರು. ಅವರ ತವರಿನ ಹತ್ತಿರದ ಶ್ರೀನಿವಾಸಪುರದಲ್ಲಿ ಫ್ಯಾನು, ಮೋಟರು ಎಲ್ಲ ಒಟ್ಟಿಗೆ ಇಟ್ಟುಕೊಂಡ ಸಣ್ಣ ಅಂಗಡಿ. ಅಂಗಡಿಯವನು ಎಲ್ಲರಂತೆ ನನ್ನ ಕಡೆ ನೋಡಿಕೊಂಡೇ ಶುರುಮಾಡಿದ. ಅತ್ತೆ ಅವನ ಮುಂದೆ ಹೋಗಿ ನಿಂತು, "ನಾ ಮೊಖಂ ಚೂಸಿ ಮಾಟ್ಲಾಡಪ್ಪಾ, ಟಿವಿ ನಾಕೇ" ಎಂದರು. ನನ್ನ ಮುಖ ನೋಡಿ ಮಾತಾಡು, ಟಿವಿ ನನಗೇ ಎಂದು. ಅವನು ಪಾಪ, ಆಮೇಲೆ ನಿಧಾನವಾಗಿ ಅವರಿಗೇ ಹೇಳಿದ. ಅಲ್ಲೂ ನಲವತ್ತು ಇರಲಿಲ್ಲ. ನಲವತ್ತಮೂರು ಇತ್ತು, ಸೀಲ್ ಒಡೆಯದ ಡಬ್ಬದಲ್ಲಿ, ಇಪ್ಪತ್ತು ಸಾವಿರಕ್ಕಿಂತ ಸ್ವಲ್ಪ ಕಡಿಮೆಗೆ.

"ಗೂಡಲ್ಲಿ ಹಿಡಿಯಲ್ಲ ಅತ್ತೆ" ಎಂದೆ.

"ಗೂಡು ಬಿಟ್ಟಾಕು. ಮೇಜಿನ ಮೇಲೆ ಇಡಣ. ಗೂಡಲ್ಲಿ ಪಾತ್ರೆ ಜೋಡಿಸಿದ್ರಾಯ್ತು."

ಒಂದು ತಿಂಗಳು ಆ ಮೂವತ್ತಾರೂವರೆ ಇಂಚಿನ ಹಿಂದೆ ಬಿದ್ದಿದ್ದವಳು ನಾನು. ಇವರನ್ನು ಒಂದು ಮಾತು ಕೇಳಿದ್ದರೆ ಮೊದಲ ಭಾನುವಾರವೇ ಮುಗಿಯುತ್ತಿತ್ತು.

ಮುಗಿಯಿತು ಎಂದುಕೊಂಡರೆ, ಕಂಪನಿಯ ಕಡೆಯವರು ಬಂದೇ ಬಿಚ್ಚಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ ಎಂದ ಅಂಗಡಿಯವನು. ನಾಲ್ಕು ದಿನ ಅತ್ತೆ ಮುಚ್ಚಿದ ಡಬ್ಬವನ್ನೇ ನೋಡಿಕೊಂಡು ಕೂತರು. ಬಂದವನು ಟಿವಿಯ ಎರಡು ಕಾಲು ಜೋಡಿಸಿ ಎತ್ತಿದರೆ, ಕಾಲುಗಳು ಮೇಜಿಗಿಂತ ಅಗಲ. ಬಡಗಿಯ ಹತ್ತಿರ ಓಡಿ ಒಂದು ಹಲಗೆ ತಂದು ಮೇಜಿನ ಮೇಲೆ ಹಾಸಿದೆವು. ಟಿವಿ ಇಲ್ಲದ ಆ ಒಂದು ತಿಂಗಳಲ್ಲಿ ಅವರು ನೋಡುತ್ತಿದ್ದ ಧಾರಾವಾಹಿಯೂ ಮುಗಿದುಹೋಗಿತ್ತು. ಅವರೇನೂ ಕೊರಗಲಿಲ್ಲ. ಮಂಚದ ಮೇಲೆ ಗೋಡೆಗೊರಗಿ ಕೂತು ಬೇರೊಂದು ಹಿಡಿದರು.

ಈಗ ತೊಂದರೆ ನನಗೂ ಗಂಡನಿಗೂ. ಈ ಟಿವಿಯಲ್ಲಿ ತುಟಿ ಆಡಿ ಒಂದು ಕ್ಷಣವಾದ ಮೇಲೆ ಮಾತು ಕೇಳಿಸುತ್ತದೆ. ಗಂಡ ರಿಮೋಟ್ ಹಿಡಿದು ಎಲ್ಲ ಸೆಟ್ಟಿಂಗ್ ತಿರುಗಿಸಿದ್ದಾಯಿತು, ನಾನು ಎರಡು ಸಲ ಕಂಪ್ಲೇಂಟ್ ಕೊಟ್ಟದ್ದಾಯಿತು. ಬರುತ್ತೇವೆ ಅನ್ನುತ್ತಾರೆ, ಬರುವುದಿಲ್ಲ. ಹತ್ತು ನಿಮಿಷ ನೋಡಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ.

"ಏನಾಗೈತೆ ಅದಕ್ಕೆ? ಚೆನ್ನಾಗೇ ಐತಲ್ಲ" ಎನ್ನುತ್ತಾರೆ ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.