ರಮಾಬಾಯಿ ಕಂಡ ವಿಲ್ಲೆಮ್‌ಸ್ಟಾಡ್

ರಮಾಬಾಯಿ ಆಳಂದದ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಹುಟ್ಟಿದ್ದು ಚೌಡಾಪುರದಲ್ಲಿ, ಕೊಟ್ಟದ್ದು ಆಳಂದಕ್ಕೆ. ಐವತ್ತು ದಾಟಿದ ಈ ಹೆಂಗಸು ಕಂಡ ಊರುಗಳು ಬೆರಳೆಣಿಕೆಯಷ್ಟು: ಕಲಬುರಗಿ, ಸೊಲ್ಲಾಪುರ, ಅಕ್ಕಲಕೋಟ, ಒಮ್ಮೆ ದೀಕ್ಷಾಭೂಮಿ ನೋಡಲೆಂದು ನಾಗಪುರ. ಸಮುದ್ರವನ್ನಂತೂ ಕಂಡೇ ಇಲ್ಲ. ಆದರೆ ಕೆರಿಬಿಯನ್ ಕಡಲಿನ ಕುರಸಾವ್ ಎಂಬ ನಡುಗಡ್ಡೆಯಲ್ಲಿ ವಿಲ್ಲೆಮ್‌ಸ್ಟಾಡ್ ಎಂದೊಂದು ಊರಿದೆ. ಅವಳನ್ನು ಅಲ್ಲಿಯ ಹಡಗುಕಟ್ಟೆಯಲ್ಲಿ ಇಳಿಸಿದರೆ, ಯಾರನ್ನೂ ದಾರಿ ಕೇಳದೆ ಸೇತುವೆ ದಾಟಿ, ಸಂತೆ ಸುತ್ತಿ, ಊಟ ಮುಗಿಸಿ ಹಡಗು ಬಿಡುವ ಹೊತ್ತಿಗೆ ಸರಿಯಾಗಿ ವಾಪಸಾಗಬಲ್ಲಳು.

ಊರನ್ನು ಅವಳಿಗೆ ತೋರಿಸಿದವನು ಗಂಡ ಜಗದೇವ. ಅವನು ಹದಿನೇಳನೆಯ ವಯಸ್ಸಿಗೇ ಸೊಲ್ಲಾಪುರದ ಚಾದರ ಕಾರ್ಖಾನೆ ಸೇರಿದವನು. ಅಲ್ಲಿಂದ ಪುಣೆಯ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ, ಕೆಲ ವರ್ಷಗಳ ಮೇಲೆ ಪ್ರವಾಸಿಗಳನ್ನು ಹೊತ್ತು ತಿರುಗುವ ಹಡಗಿನಲ್ಲಿ ಅದೇ ಕೆಲಸ. ಮೂರು ಸಾವಿರ ಜನರ ಹಾಸಿಗೆ, ಟವೆಲು, ಮೇಜಿನ ಬಟ್ಟೆ ಎಲ್ಲ ಅವನಿದ್ದ ಕಡೆಗೇ ಬಂದು ಬೀಳುತ್ತಿದ್ದವು. ಕೆಲಸದ ಜಾಗ ಹಡಗಿನ ಹೊಟ್ಟೆಯೊಳಗೆ, ಕಿಟಕಿ ಇರಲಿಲ್ಲ. ವರ್ಷದಲ್ಲಿ ಒಂಬತ್ತು ತಿಂಗಳು ಅಲ್ಲಿ, ಮೂರು ತಿಂಗಳು ಮನೆಯಲ್ಲಿ. ಮಗಳು ಪಲ್ಲವಿ ಅಪ್ಪನ ಮುಖ ನೋಡಿ ಬೆಳೆದದ್ದಕ್ಕಿಂತ ದನಿ ಕೇಳಿ ಬೆಳೆದದ್ದೇ ಹೆಚ್ಚು.

ಹಡಗು ಪ್ರತಿ ಗುರುವಾರ ವಿಲ್ಲೆಮ್‌ಸ್ಟಾಡಿಗೆ ಬರುತ್ತಿತ್ತು. ಅಂದು ಜಗದೇವನಿಗೆ ನಾಲ್ಕು ತಾಸು ಬಿಡುವು. ಅಲ್ಲಿ ಬೆಳಿಗ್ಗೆ ಹತ್ತಾದರೆ ಆಳಂದದಲ್ಲಿ ಸಂಜೆ ಏಳೂವರೆ. ರೊಟ್ಟಿ ಬಡಿದು ಮುಗಿಸಿ ರಮಾಬಾಯಿ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುವುದಕ್ಕೂ ಫೋನು ಬರುವುದಕ್ಕೂ ಸರಿಹೋಗುತ್ತಿತ್ತು. ಮೊದಲ ಸಲ ಮುಖ ಕಾಣುವ ಫೋನು ಮಾಡಿದಾಗ ಅವನು ತನ್ನ ಮುಖವನ್ನು ಅರೆಗಳಿಗೆ ತೋರಿಸಿ ಫೋನನ್ನು ಆ ಕಡೆ ತಿರುಗಿಸಿಬಿಟ್ಟ. ನೀರಿನ ಅಂಚಿಗೆ ಸಾಲಾಗಿ ನಿಂತ ಮನೆಗಳು ಕಂಡವು, ಒಂದು ಹಳದಿ, ಒಂದು ನೀಲಿ, ಒಂದು ಕೆಂಪು.

"ನೋಡ ಬೇ, ನಾ ನಿಂತಿದ್ದು ಓಟ್ರೊಬಾಂಡಾ. ಇವರ ಮಾತಿನಾಗ ಆಚಿ ದಂಡಿ ಅಂತ ಅರ್ಥ. ಎದುರಿಗೆ ಕಾಣೂದು ಪುಂಡಾ."

"ಪುಂಡಿಪಲ್ಯದ ಊರೇನ್ರಿ ಅದು?" ಎಂದು ರಮಾಬಾಯಿ ನಕ್ಕಳು.

ಹೆಸರು ಹಾಗೆ ನೆನಪಿನಲ್ಲಿ ಉಳಿಯಿತು. ಆಚೆ ದಂಡೆ ಎಂದರೆ ಏನೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ತವರಿನ ಹತ್ತಿರದ ಗಾಣಗಾಪುರದ ಸಂಗಮದಲ್ಲಿ ಹೊಳೆಯ ಆಚೆ ನೋಡುತ್ತಲೇ ಬೆಳೆದವಳು. ಅಂದಿನಿಂದ ಗುರುವಾರಕ್ಕೊಂದು ಓಣಿಯಂತೆ ಜಗದೇವ ಊರನ್ನು ತೋರಿಸುತ್ತ ಹೋದ. ಎರಡು ದಂಡೆಗಳ ನಡುವೆ ಮರದ ಸೇತುವೆ. ಕೆಳಗೆ ಕಂಬಗಳಿಲ್ಲ, ತೇಲುವ ದೋಣಿಗಳ ಮೇಲೆ ನಿಂತಿದೆ. ದೊಡ್ಡ ಹಡಗು ಒಳಗೆ ಬರುವುದಿದ್ದರೆ ಗಂಟೆ ಹೊಡೆಯುತ್ತದೆ, ಇಡೀ ಸೇತುವೆ ಬಾಗಿಲು ತೆಗೆದಂತೆ ಪಕ್ಕಕ್ಕೆ ಸರಿಯುತ್ತದೆ. ಒಮ್ಮೆ ಜಗದೇವ ಸೇತುವೆಯ ಮೇಲಿರುವಾಗಲೇ ಅದು ಸರಿಯತೊಡಗಿತು. ಫೋನಿನಲ್ಲಿ ಮನೆಗಳೆಲ್ಲ ಮೆಲ್ಲಗೆ ಪಕ್ಕಕ್ಕೆ ಜಾರಿದವು. ಆಳಂದದ ಕಟ್ಟೆಯ ಮೇಲೆ ಕೂತಿದ್ದ ರಮಾಬಾಯಿ ಗಟ್ಟಿಯಾಗಿ ಗೋಡೆ ಹಿಡಿದುಕೊಂಡಳು.

ಸೇತುವೆಯ ತುದಿಯಲ್ಲಿ ಎಲ್ವಿನ್ ಎಂಬ ಮುದುಕ ಹಣ್ಣಿನ ರಸ ಮಾರುತ್ತಿದ್ದ. ಜಗದೇವನಿಗೆ ಪುಣೆಯ ಹೋಟೆಲಿನಲ್ಲಿ ಕಲಿತಷ್ಟು ಇಂಗ್ಲಿಷು, ಎಲ್ವಿನ್ನನಿಗೆ ಹಡಗಿನವರ ಜೊತೆ ಆಡಿ ಆಡಿ ಬಂದಷ್ಟು. ಅಷ್ಟರಲ್ಲೇ ಗೆಳೆತನವಾಯಿತು. ಊರಿನ ಕತೆಗಳೆಲ್ಲ ಎಲ್ವಿನ್ನನವು. ಇನ್ನೂರು ವರ್ಷದ ಹಿಂದೆ ಊರನ್ನು ಆಳುತ್ತಿದ್ದ ಡಚ್ ಸಾಹೇಬನಿಗೆ ಸುಣ್ಣದ ಗೋಡೆಗಳ ಬೆಳಕಿನಿಂದ ತಲೆನೋವು ಬರುತ್ತಿತ್ತಂತೆ. ಬಿಳಿ ಬಿಟ್ಟು ಬೇರೆ ಬಣ್ಣ ಬಳಿಯಿರಿ ಎಂದು ಹುಕುಂ ಹೊರಡಿಸಿದನಂತೆ. ಸಾಹೇಬ ಸತ್ತ ಮೇಲೆ ನೋಡಿದರೆ ಬಣ್ಣದ ಅಂಗಡಿಯಲ್ಲಿ ಅವನದೇ ಪಾಲು! ಇದನ್ನು ಕೇಳಿ ರಮಾಬಾಯಿ, ಸಾಹೇಬರು ಎಲ್ಲಿದ್ದರೂ ಸಾಹೇಬರೇ ಅಂದಳು.

ಎಲ್ವಿನ್ ಹೇಳಿದ ಇನ್ನೊಂದು ಕತೆಗೆ ಮಾತ್ರ ಇಬ್ಬರೂ ನಗಲಿಲ್ಲ. ಸೇತುವೆ ಹೊಸದಾಗಿದ್ದ ಕಾಲಕ್ಕೆ ಬೂಟು ಹಾಕಿದವರು ದಾಟಲು ಸುಂಕ ಕೊಡಬೇಕಿತ್ತು, ಬರಿಗಾಲಿನ ಬಡವರಿಗೆ ಮಾಫಿ. ಆದರೆ ಬಡವರು ಯಾರದೋ ಬೂಟು ಇಸಿದುಕೊಂಡು, ಸುಂಕ ಕೊಟ್ಟು, ತಲೆಯೆತ್ತಿ ದಾಟುತ್ತಿದ್ದರಂತೆ. ಉಳ್ಳವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಪುಕ್ಕಟೆ ದಾಟುತ್ತಿದ್ದರಂತೆ.

ಜಗದೇವನ ಅಪ್ಪ ಅಂಬಾರಾಯ ಹಳ್ಳಿಯಲ್ಲಿದ್ದಾಗ ಗೌಡರ ಓಣಿ ಬಂತೆಂದರೆ ಚಪ್ಪಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದ. ಆ ಓಣಿ ತಪ್ಪಿಸಲೆಂದೇ ಆಳಂದಕ್ಕೆ ಬಂದು ನೆಲೆಸಿದವನು. ರಮಾಬಾಯಿ ಸೊಸೆಯಾಗಿ ಬರುವ ಹೊತ್ತಿಗೆ ಮುದುಕನಾಗಿದ್ದ. ಹಾಗಿದ್ದೂ ಹೊಸ ಓಣಿಗೆ ಕಾಲಿಡುವ ಮೊದಲು ಅವನ ಕೈ ತಾನಾಗಿ ಚಪ್ಪಲಿಯ ಕಡೆ ಹೋಗುವುದನ್ನು ಅವಳು ನೋಡಿದ್ದಳು.

"ಅಪ್ಪ ಇದ್ದಿದ್ರ ಬೂಟ್ ಹಾಕಿಸಿ ಈ ಸೇತುವಿ ಮ್ಯಾಲ ಹತ್ತು ಸಲ ಅಡ್ಡಾಡಿಸ್ತಿದ್ದೆ ಬೇ," ಎಂದ ಜಗದೇವ.

ಇನ್ನೊಂದು ಗುರುವಾರ ಫೋನು ತಡವಾಗಿ ಬಂತು. ಅವನು ಯಾವ ಓಣಿಯನ್ನೂ ತೋರಿಸಲಿಲ್ಲ, ಬರೀ ನೀರನ್ನು ತೋರಿಸಿದ. ಅಂದು ಓಟ್ರೊಬಾಂಡಾದ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದನಂತೆ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಇದೇ ಬಂದರಿನಲ್ಲಿ ಮಾರುತ್ತಿದ್ದರು. ಅವರಿಗೆ ತೊಡಿಸಿದ ಕಬ್ಬಿಣದ ಬೇಡಿಗಳಿದ್ದವು. ಅವರನ್ನು ತುಂಬಿ ತರುತ್ತಿದ್ದ ಹಡಗಿನ ತಳದಂತೆ ಒಂದು ಕೋಣೆ ಮಾಡಿಟ್ಟಿದ್ದರು, ಅದರೊಳಗೆ ತಲೆಯೆತ್ತಿ ನಿಲ್ಲಲು ಬರುವುದಿಲ್ಲ. ಎಲ್ವಿನ್ನನ ಮುತ್ತಜ್ಜನ ಅಪ್ಪ ಹಾಗೆ ಬಂದವನೇ.

"ನಾವೂ ಹಡಗಿನ ಹೊಟ್ಟಿಯೊಳಗ ಇರ್ತೇವಿ," ಎಂದ ಜಗದೇವ. "ಆದ್ರ ನಮಗ ಮನಿಗೆ ಫೋನ್ ಹಚ್ಚಾಕ ಬರ್ತದ."

ರಮಾಬಾಯಿಗೆ ಎಲ್ಲಕ್ಕಿಂತ ಹಿಡಿಸಿದ್ದು ಪುಂಡಾದ ಹಳೆಯ ಸಂತೆಮಾಳಿಗೆ. ಅಲ್ಲಿ ಹೆಂಗಸರು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದರು. ಬೆಂಡೆಕಾಯಿ ಸಾರು, ಮೀನು, ಗೋವಿನಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಮುನ್ನೂರು ಮಕ್ಕಳಿಗೆ ಬೇಯಿಸುವ ರಮಾಬಾಯಿ ಆ ಪಾತ್ರೆಗಳನ್ನು ಕಣ್ಣಿನಲ್ಲೇ ಅಳೆದಳು. ಇಷ್ಟು ದೊಡ್ಡ ಪಾತ್ರೆಗೆ ಆ ಸೌಟು ಸಾಲದೆಂದು ಗಂಡನಿಗೆ ಹೇಳಿದಳು. ಅವನು ಅದನ್ನು ಅಲ್ಲಿಯ ಅಡುಗೆಯವಳಿಗೆ ಹೇಳಿದ. ದಪ್ಪನೆಯ ಆ ಹೆಂಗಸು ಫೋನಿನೊಳಗೆ ಇಣುಕಿ, ಬೆವರೊರೆಸಿಕೊಂಡು, ಸೌಟೆತ್ತಿ ತೋರಿಸಿ ನಕ್ಕಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರದು. ಆದರೆ ಮಾರನೆಯ ದಿನ ಶಾಲೆಯಲ್ಲಿ ಬೇಳೆ ತಿರುವುವಾಗ, ಎಲ್ಲಿಯೋ ತನಗೊಬ್ಬಳು ಜೊತೆಗಾತಿ ಇದ್ದಾಳೆ ಎಂದು ರಮಾಬಾಯಿಗೆ ಅನಿಸಿತು. ಹೋಗಬೇಕು, ಅವಳ ಪಕ್ಕ ನಿಂತು ಒಂದು ಸಲ ಆ ಮುದ್ದೆ ತಿರುವಬೇಕು ಎಂಬ ಆಸೆ ಹುಟ್ಟಿದ್ದು ಅಂದೇ.

ಆಸೆ ಕೈಗೂಡುವ ಕಾಲವೂ ಬಂತು. ಪ್ರವಾಸಿಗಳು ಕಡಿಮೆ ಇರುವ ತಿಂಗಳಲ್ಲಿ ಹಳೆಯ ನೌಕರರು ಹೆಂಡತಿಯನ್ನು ಕರೆತರಬಹುದೆಂದು ಹಡಗಿನವರು ಒಪ್ಪಿದರು. 2020ರ ಸೆಪ್ಟೆಂಬರ್ ಎಂದು ಗೊತ್ತಾಯಿತು. ರಮಾಬಾಯಿ ಕಲಬುರಗಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಸೇತುವೆ ದಾಟಲೆಂದೇ ಒಂದು ಜೊತೆ ಬಿಳಿ ಬೂಟು ಕೊಂಡಳು. ಇಳಕಲ್ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಮನೆಯೊಳಗೆ ನಡೆದು ನೋಡಿದಾಗ ಪಲ್ಲವಿ ನಕ್ಕು ನಕ್ಕು ಸುಸ್ತಾದಳು.

ಮಾರ್ಚ್ ತಿಂಗಳಲ್ಲಿ ಕೊರೋನಾ ಬಂತು. ಹಡಗನ್ನು ಯಾವ ಬಂದರೂ ಒಳಗೆ ಬಿಡಲಿಲ್ಲ. ಮೂರೂವರೆ ತಿಂಗಳು ನಡುನೀರಿನಲ್ಲಿ ನಿಂತಿದ್ದು, ಜುಲೈನಲ್ಲಿ ಜಗದೇವ ಮನೆ ಸೇರಿದ. ಎರಡು ವರ್ಷದ ಮೇಲೆ ಮತ್ತೆ ಕರೆ ಬಂದಾಗ ಮುಂಬೈಯ ವೈದ್ಯರು ರಕ್ತದೊತ್ತಡ ಜಾಸ್ತಿ ಇದೆ, ಹಡಗಿಗೆ ಆಗುವುದಿಲ್ಲ ಎಂದು ಬರೆದುಕೊಟ್ಟರು. ಅವನು ಆಳಂದದ ಬಸ್ ನಿಲ್ದಾಣದ ಹತ್ತಿರ ಇಸ್ತ್ರಿ ಅಂಗಡಿ ಇಟ್ಟ. ಗುರುವಾರ ಸಂಜೆ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತರೆ ಮಾತು ಸುತ್ತಿ ಬಳಸಿ ಆ ಊರಿಗೇ ಹೋಗುತ್ತಿತ್ತು. ಈಗ ಎಲ್ವಿನ್ ಅಂಗಡಿ ತೆಗೆದಿರಬಹುದೇ, ಸೇತುವೆ ತೆರೆದಿದೆಯೋ ಮುಚ್ಚಿದೆಯೋ. ಬೂಟು ಪೆಟ್ಟಿಗೆಯಲ್ಲೇ ಇತ್ತು.

2024ರ ಮಳೆಗಾಲದಲ್ಲಿ ಜಗದೇವನಿಗೆ ಲಕ್ವ ಹೊಡೆಯಿತು. ಜೇವರ್ಗಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಪಲ್ಲವಿ ಓಡಿಬಂದು ಕಲಬುರಗಿಗೆ ಸಾಗಿಸಿದಳು. ಜೀವ ಉಳಿಯಿತು. ಬಲಗೈ ಸೋತಿತು, ಮಾತು ಪೂರಾ ನಿಂತಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಲು ಹೋದರೆ ಬಾಯಿ ತೆರೆದು, ಗಂಟಲು ಉಬ್ಬಿ, ಕಣ್ಣಲ್ಲಿ ನೀರು ಬರುತ್ತಿತ್ತು. ಊರು ಊರುಗಳ ಸುದ್ದಿ ಹೇಳುತ್ತಿದ್ದವನು ನೀರು ಬೇಕೆಂದು ಕೇಳಲಾರದವನಾದ.

ಕಲಬುರಗಿಯಲ್ಲಿ ಮಾತು ಕಲಿಸುವ ಫರಹೀನ ಎಂಬ ಹುಡುಗಿ ಇದ್ದಳು. ವಾರಕ್ಕೊಮ್ಮೆ ರಮಾಬಾಯಿ ಗಂಡನನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲುಗಳಲ್ಲಿ ಅವನಿಗೆ ಹೆಗಲು ಕೊಟ್ಟು ಹತ್ತಬೇಕು, ಚಪ್ಪಲಿ ಜಾರುತ್ತದೆ. ಹಾಗಾಗಿ ಬಿಳಿ ಬೂಟು ಪೆಟ್ಟಿಗೆಯಿಂದ ಹೊರಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಅವಳು ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಫರಹೀನ ಚಿತ್ರ ತೋರಿಸಿ, ಹೆಸರು ಹೇಳಿಸಿ ನೋಡಿದಳು. ನಾಲ್ಕು ತಿಂಗಳಾದರೂ ಒಂದು ಮಾತು ಹೊರಡಲಿಲ್ಲ.

"ಮಾತು ಒಳಗ ಅವ ಅಕ್ಕಾ, ಹೊರಗ ಬರೂ ದಾರಿ ತಪ್ಪ್ಯಾವ," ಎಂದಳು ಒಮ್ಮೆ. "ಅವರಿಗೆ ಭಾಳ ಪ್ರೀತಿದು ಏನಾರ ಇದ್ರ ದಿನಾ ಅದನ್ನ ಮಾತಾಡ್ರಿ."

ರಮಾಬಾಯಿ ಮಗಳ ಬಾಲ್ಯ ಹೇಳಿದಳು, ಅಂಗಡಿಯ ಸುದ್ದಿ ಹೇಳಿದಳು. ಅವನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಪಲ್ಲವಿ ಫೋನಿನಲ್ಲಿ ವಿಲ್ಲೆಮ್‌ಸ್ಟಾಡಿನ ವಿಡಿಯೋ ಹುಡುಕಿ ತೋರಿಸಿದಳು. ಯಾರೋ ಪ್ರವಾಸಿ ತೆಗೆದದ್ದು, ಹಾಡು ಹಾಕಿ ಓಡಿಸಿದ್ದ. ಜಗದೇವ ಕಣ್ಣು ಮುಚ್ಚಿಕೊಂಡ. ರಮಾಬಾಯಿಗೂ ಹಿಡಿಸಲಿಲ್ಲ, ಅವರು ಬರೀ ಬಣ್ಣ ತೋರಿಸುತ್ತಾರೆ, ನಿಲ್ಲಬೇಕಾದಲ್ಲಿ ನಿಲ್ಲುವುದೇ ಇಲ್ಲ ಎಂದಳು.

ಅಂದು ಗುರುವಾರ. ಪಲ್ಲವಿ ಜೇವರ್ಗಿಗೆ ಹೋದ ಮೇಲೆ ರಮಾಬಾಯಿ ಮಂಚದ ಪಕ್ಕ ಕೂತು, ಗಂಡನ ಎಡಗೈ ಹಿಡಿದು, ತಾನೇ ಊರು ತೋರಿಸತೊಡಗಿದಳು. ಹಡಗು ಇಳಿದೆವು. ಕೋಟೆಯ ಗೋಡೆ ದಾಟಿದೆವು. ಎಲ್ವಿನ್ ಕೂತಿದ್ದಾನೆ, ಕೈ ಮಾಡುತ್ತಿದ್ದಾನೆ. ಸೇತುವೆ ಎರಡು ದಂಡೆಗೂ ಕೂಡಿದೆ, ನಡೆಯಿರಿ, ಅಲುಗಾಡುತ್ತದೆ, ನನ್ನ ಕೈ ಬಿಡಬೇಡಿ. ಇಗೋ ಪುಂಡಾ ಬಂತು.

"ಈಗ ಸಂತಿಗೆ ಹೋಗೂಣ್ರಿ," ಎಂದಳು. "ಬಲಕ್ಕ ಹೊಳ್ಳೂಣು."

ಹಿಡಿದ ಕೈ ಜಗ್ಗಿತು. ಅವಳು ನೋಡಿದಳು. ಅವನ ಹುಬ್ಬು ಗಂಟಿಕ್ಕಿತ್ತು. ಬಲಕ್ಕೆ ಇರುವುದು ಈ ದಂಡೆಯ ಇನ್ನೊಂದು ಕೋಟೆ, ಸಂತೆ ಅಲ್ಲ; ಅವಳು ಮಾತಿನ ಭರದಲ್ಲಿ ತಪ್ಪಿದ್ದಳು. ಜಗದೇವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಎ... ಎಡಕ."

ರಮಾಬಾಯಿಗೆ ಎದ್ದು ಓಣಿಗೆಲ್ಲ ಕೂಗಿ ಹೇಳಬೇಕೆನಿಸಿತು. ಆದರೆ ಕೈ ಬಿಟ್ಟು ಏಳಲು ಭಯವಾಯಿತು. ಹೌದ್ರಿ, ಎಡಕ್ಕೇ, ನನಗೆ ಮರೆತಿತ್ತು ಎಂದು ಹೇಳಿ, ಎಡಕ್ಕೆ ಹೊರಳಿ ಸಂತೆಗೆ ಕರೆದೊಯ್ದಳು.

ಅದಾಗಿ ವರ್ಷ ದಾಟಿದೆ. ಜಗದೇವನಿಗೆ ಈಗ ಐವತ್ತು ಅರವತ್ತು ಮಾತುಗಳು ಬರುತ್ತವೆ. ಅರ್ಧ ಮನೆಯವು, ಅರ್ಧ ಆ ಊರಿನವು. ಪಲ್ಲವಿಯನ್ನು ಹೆಸರು ಹಿಡಿದು ಕರೆಯುತ್ತಾನೆ. ಒಂದೊಂದು ದಿನ ನೀರು ಬೇಕಾದಾಗ ರಸ ಮಾರುವವನ ಹೆಸರು ಹಿಡಿದು "ಎಲ್ವಿನ್" ಎಂದುಬಿಡುತ್ತಾನೆ, ರಮಾಬಾಯಿಗೆ ತಿಳಿಯುತ್ತದೆ. ಮತ್ತೆ ಹಡಗು ಹತ್ತುವುದು ಇನ್ನು ಆಗದ ಮಾತು, ಅದನ್ನು ಇಬ್ಬರೂ ಬಲ್ಲರು. ಆದರೂ ಶಾಲೆಯ ಒಲೆಯ ಮುಂದೆ ನಿಂತಾಗ ಸೌಟೆತ್ತಿದ ಆ ಹೆಂಗಸು ರಮಾಬಾಯಿಗೆ ನೆನಪಾಗುತ್ತಾಳೆ. ಅವಳ ಹೆಸರನ್ನೂ ಕೇಳಲಿಲ್ಲವಲ್ಲ ಎಂದು ಹಳಹಳಿಸುತ್ತಾಳೆ.

ಕಳೆದ ಗುರುವಾರ ಇಬ್ಬರೂ ಮಾತಿನಲ್ಲೇ ಸಂತೆ ದಾಟಿ ಅಲ್ಲಿಯ ಇನ್ನೊಂದು ಚಿಕ್ಕ ಸೇತುವೆಯ ತನಕ ಹೋಗಿದ್ದರು. ಅದರಾಚೆ ಶಾರ್ಲೋ ಎಂಬ ಓಣಿ, ಹಳೆಯ ವ್ಯಾಪಾರಿಗಳ ದೊಡ್ಡ ಮನೆಗಳು. ಜಗದೇವನ ನಾಲ್ಕು ತಾಸು ಯಾವಾಗಲೂ ಆ ಸೇತುವೆಯ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದಲೇ ಫೋನೆತ್ತಿ ದೂರದಿಂದ ತೋರಿಸಿ ಹಡಗಿಗೆ ಓಡುತ್ತಿದ್ದ.

"ಆ ಕಡಿ ಏನದ್ರಿ?" ಎಂದು ರಮಾಬಾಯಿ ಕೇಳಿದಳು.

"ನಾ... ನೋಡಿಲ್ಲ."

"ನಾನೂ ನೋಡಿಲ್ಲ."

ಹೊರಗೆ ಬೆಳಕು ಇಳಿಯುತ್ತಿತ್ತು. ಸೊಲ್ಲಾಪುರದ ಬಸ್ಸು ಹಾರ್ನ್ ಹೊಡೆದು ಹೋಯಿತು. ಜಗದೇವ ಎಡಗೈಯಿಂದ ಅವಳ ಬೆರಳುಗಳನ್ನು ಮೆಲ್ಲಗೆ ಒತ್ತಿದ.

"ನಡಿ," ಎಂದ.

ಆ ದಂಡೆಯ ಒಂದು ಮನೆಯೂ ರಮಾಬಾಯಿಗೆ ಗೊತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ಸೇತುವೆಯ ಮೇಲೆ ಕಾಲಿಟ್ಟೆವು ಎಂದಳು.