ಮಿಸ್ತ್ರಿ ಕೇಳಿದ ಒಂದು ಪ್ರಶ್ನೆ

ಮಿಸ್ತ್ರಿಯ ಎಡಗಿವಿಯ ಮುಂದೆ, ಕೆನ್ನೆಯ ಎಲುಬಿನ ಮೇಲೆ, ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಪ್ಪು ಗುರುತಿತ್ತು. ಅದು ಹುಟ್ಟುಮಚ್ಚೆಯಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ಅಭ್ಯಾಸ. ಮೂವತ್ತು ವರ್ಷ ಹಾಗೆ ಒತ್ತಿಕೊಂಡು ಹಿಡಿಯ ಎಣ್ಣೆಮಸಿ ಚರ್ಮದೊಳಕ್ಕೇ ಇಳಿದಿತ್ತು. ಹಬ್ಬದ ದಿನ ಸೀಗೆಪುಡಿ ಹಚ್ಚಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ಇರಕಲ್ಲಗಡದಲ್ಲಿ ಕೊಪ್ಪಳದ ರಸ್ತೆಗೆ ಮುಖಮಾಡಿ ಅವರ ತಗಡಿನ ಶೆಡ್ಡು ಇತ್ತು. ಕಂಪ್ಯೂಟರ್ ಇರುವ ಹೊಸ ಗಾಡಿಗಳು ಅಲ್ಲಿಗೆ ಬರುತ್ತಿರಲಿಲ್ಲ. ಬರುತ್ತಿದ್ದವು ನನ್ನದರಂಥವು: ಹಳೆಯ ಜೀಪು, ಹಳೆಯ ಕಾರು, ಎರಡು ಮೂರು ಕೈ ದಾಟಿ ಬಂದ ಪೆಟ್ರೋಲ್ ವ್ಯಾನು. ನಿಂತಲ್ಲೇ ನಡುಗುವ, ಬ್ರೇಕ್ ಒತ್ತಿದರೆ ಉಸಿರು ಬಿಡುವ ಗಾಡಿಗಳು. ನಾನು ಅಂಥದೊಂದು ಬಿಳಿ ವ್ಯಾನು ಇಟ್ಟುಕೊಂಡು ಇರಕಲ್ಲಗಡದಿಂದ ಮೂರು ಮೈಲಿ ಆಚೆಗಿನ ನಮ್ಮೂರಿನಿಂದ ಕೊಪ್ಪಳ, ಕುಷ್ಟಗಿ, ಯಲಬುರ್ಗಾಕ್ಕೆ ಬಾಡಿಗೆ ಹೊಡೆಯುತ್ತಿದ್ದೆ.

ಮಿಸ್ತ್ರಿ ಗಾಡಿಯನ್ನು ಮುಟ್ಟುವ ಮೊದಲು ಅದನ್ನು ಓಡಿಸುವವನನ್ನು ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಮುಂಜಾನೆ ನಿಲ್ಲುತ್ತದೋ ಮಧ್ಯಾಹ್ನವೋ? ಏರಿನಲ್ಲೋ ಇಳಿಜಾರಿನಲ್ಲೋ? ಲೈಟು ಹಾಕಿದಾಗಲೋ? ಪೆಟ್ರೋಲು ತಳ ಕಂಡಾಗಲೋ? ಬೇಸರಪಟ್ಟವರಿಗೆ ಅವರದು ಒಂದೇ ಉತ್ತರ: "ಗಾಡಿಗೆ ಬಾಯಿ ಇಲ್ಲ ತಮ್ಮಾ. ಅದಕ್ಕ ನಿಮ್ಮನ್ನ ಕೇಳ್ತೀನಿ."

ಒಮ್ಮೆ ಸಿದ್ದಾಪುರದ ಬತ್ತದ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಕಾರು ತಂದಿದ್ದರು. ಬೇರೆ ಎರಡು ಕಡೆ ಪ್ಲಗ್ಗು ಬದಲಿಸಿ, ಕಾರ್ಬುರೇಟರ್ ಬದಲಿಸಿ, ಕೊನೆಗೆ ಎಂಜಿನ್ನೇ ಇಳಿಸಬೇಕೆಂದು ಹೇಳಿದ್ದರಂತೆ. ಮಿಸ್ತ್ರಿ ಒಂದು ತಂಬಿಗೆ ನೀರಿಗೆ ಸೋಪು ಕಲಸಿದರು. ಗಾಡಿ ಚಾಲೂ ಇಟ್ಟು, ದನಕ್ಕೆ ಇಂಜೆಕ್ಷನ್ ಕೊಡುವ ದೊಡ್ಡ ಸಿರಿಂಜಿನಿಂದ ಕಾರ್ಬುರೇಟರಿನ ಬುಡದ ಸುತ್ತ ಹನಿಹನಿಯಾಗಿ ಬಿಟ್ಟರು. ಒಂದು ಮೂಲೆಯಲ್ಲಿ ನೊರೆ ಸರ್ರನೆ ಒಳಕ್ಕೆ ಹೋಯಿತು. ಎಂಜಿನ್ನಿನ ದನಿ ಒಂದು ಕ್ಷಣ ಬದಲಾಯಿತು. "ಇಲ್ಲಿ ಗಾಳಿ ಕುಡಿಯಾಕತ್ತೈತಿ ನೋಡ್ರಿ," ಎಂದರು. ಅಲ್ಲಿ ಸೀಳಿದ್ದ ಕಾಗದದ ಪ್ಯಾಕಿಂಗ್ ತೆಗೆದು ಹೊಸದೊಂದನ್ನು ಕತ್ತರಿಸಿ ಕೂರಿಸಿದ ಮೇಲೆ ಆ ಕಾರು ನಿಂತಲ್ಲಿ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ವ್ಯಾಪಾರಿ ಕೈಮುಗಿಯಲು ಬಂದರೆ ಮಿಸ್ತ್ರಿ ನಾಚಿಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿಬಿಟ್ಟರು.

ನನ್ನ ವ್ಯಾನು ಕೆಟ್ಟದ್ದು ಬೇಸಿಗೆಯಲ್ಲಿ. ನಿಂತಾಗ ಕೈಕಾಲು ನಡುಗಿದ ಹಾಗೆ ಅದುರುತ್ತಿತ್ತು. ಅಷ್ಟೇ ಅಲ್ಲ, ಆ ವಾರ ಎರಡು ಸಲ ಮಧ್ಯಾಹ್ನದ ಬಿಸಿಲಲ್ಲಿ, ದೂರ ಓಡಿ ಬಂದ ಮೇಲೆ, ತಟ್ಟನೆ ಸತ್ತ ಹಾಗೆ ನಿಂತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಚಾಲೂ ಆಗಿತ್ತು.

ಮಿಸ್ತ್ರಿ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದರು, ಕಾರ್ಬುರೇಟರ್ ಬಿಚ್ಚಿ ಕಸ ತೆಗೆದರು. ಅದುರುವುದು ನಿಂತಿತು. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು.

"ಬಿಸಿ ಆದಾಗ ನಿಲ್ತೈತೇನು? ಹದಿನೈದು ಇಪ್ಪತ್ತು ಮೈಲಿ ಓಡಿದ ಮ್ಯಾಲೆ?"

ಹೌದೆಂದರೆ ಗಾಡಿ ಎರಡು ದಿನ ಅಲ್ಲೇ ಬಿಡಬೇಕಾಗುತ್ತಿತ್ತು. ಮರುದಿನ ಕುಷ್ಟಗಿಗೆ ಮದುವೆಯ ಜನರನ್ನು ಒಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಮದುವೆಮನೆಯವರು ಬೇರೆ ಗಾಡಿ ಹುಡುಕಿಕೊಂಡರೆ ಮುಂದಿನ ಬಾಡಿಗೆಗೂ ನನ್ನನ್ನು ಕರೆಯುವುದಿಲ್ಲವೆಂಬ ಹೆದರಿಕೆ.

"ಇಲ್ರಿ. ಮುಂಜಾನೆ ತಣ್ಣಗಿದ್ದಾಗ ಅಷ್ಟ," ಎಂದೆ.

"ಖರೇನ?"

"ಖರೇನ್ರಿ."

ಅವರು ನನ್ನ ಮುಖ ನೋಡಿದರು. ಬಾನೆಟ್ ಮುಚ್ಚಿದರು.

ಮದುವೆಯ ಜನರನ್ನು ಬೆಳಗಿನ ತಂಪಿನಲ್ಲೇ ಕರೆದುಕೊಂಡು ಹೋಗಿ, ಸಂಜೆ ಬಿಸಿಲು ಇಳಿದ ಮೇಲೆ ವಾಪಸ್ ತಂದೆ. ಗಾಡಿ ಎಲ್ಲಿಯೂ ತಕರಾರು ಮಾಡಲಿಲ್ಲ. ಮೂರನೆಯ ದಿನ ಯಲಬುರ್ಗಾದ ಬಾಡಿಗೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದು ವ್ಯಾನು ನಿಲ್ಲಿಸಿದ್ದೆನಷ್ಟೆ. ಒಳಗೆ ಉಣ್ಣುತ್ತಿದ್ದ ಅಪ್ಪ ರೊಟ್ಟಿಯ ತುತ್ತನ್ನು ತಾಟಿಗೆ ಇಟ್ಟು ಎದೆ ಹಿಡಿದುಕೊಂಡ. ಹಣೆಯ ತುಂಬ ಬೆವರು.

"ಆಂಬುಲೆನ್ಸಿಗೆ ಫೋನ್ ಮಾಡೂಣು," ಎಂದ ಅಣ್ಣ.

"ಗಾಡಿ ಬಾಗಲದಾಗ ಐತಿ. ಅದು ಬರೂದ್ರಾಗ ನಾವು ಕೊಪ್ಪಳದಾಗ ಇರ್ತೀವಿ," ಎಂದವನು ನಾನೇ.

ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಲೆ ಅಣ್ಣನ ತೊಡೆಯ ಮೇಲೆ. ಇರಕಲ್ಲಗಡ ದಾಟಿದೆವು. ಮಿಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನಿಂತು, ನಾನು ಹಾರ್ನ್ ಒತ್ತುತ್ತ ಹೋಗುವುದನ್ನು ನೋಡಿದರು. ಅರ್ಧ ದಾರಿಯಲ್ಲಿ, ಎರಡೂ ಕಡೆ ಬಂಡೆಗಲ್ಲು ಬಿಟ್ಟರೆ ಏನೂ ಇಲ್ಲದ ಕಡೆ, ಎಂಜಿನ್ ನಿಂತಿತು. ಎರಡು ಸಲ ಎಳೆದುಕೊಂಡ ಹಾಗೆ ಮಾಡಿತು, ಆಮೇಲೆ ಟೈರಿನ ಸಪ್ಪಳವಷ್ಟೇ ಉಳಿಯಿತು.

ಕೀಲಿ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಇಳಿದು ಬಾನೆಟ್ ಎತ್ತಿದೆ, ಏನು ನೋಡಬೇಕೆಂದು ತಿಳಿಯಲಿಲ್ಲ. ಅಣ್ಣ ಒಳಗಿನಿಂದಲೇ ಆಂಬುಲೆನ್ಸಿಗೆ ಫೋನು ಹಚ್ಚಿದ್ದ. ಅವರು ಕೊಪ್ಪಳದಿಂದ ಹೊರಟೆವು ಎಂದರು. ನಾನು ರಸ್ತೆಯಲ್ಲಿ ಎರಡೂ ಕಡೆ ಓಡಿದೆ. ಮೋಟರ್ ಸೈಕಲ್ಲಿನವನೊಬ್ಬ ನಿಂತ, ಆದರೆ ಅಪ್ಪ ಕೂರುವ ಸ್ಥಿತಿಯಲ್ಲಿರಲಿಲ್ಲ. "ನೀರು," ಎಂದ ಅಪ್ಪ. ಬಾಟಲಿ ತಂದಿರಲಿಲ್ಲ. ಮೋಟರ್ ಸೈಕಲ್ಲಿನವನು ತನ್ನದನ್ನು ಕೊಟ್ಟ. ಅಪ್ಪ ಎರಡು ಗುಟುಕು ಕುಡಿದ.

ಸುಮಾರು ಇಪ್ಪತ್ತು ನಿಮಿಷದ ಮೇಲೆ, ಬೇರೇನೂ ತೋಚದೆ, ಮತ್ತೆ ಕೀಲಿ ತಿರುಗಿಸಿದೆ. ಎಂಜಿನ್ ಅರ್ಧ ಸುತ್ತಿಗೇ ಚಾಲೂ ಆಯಿತು. ಒಂದಿಷ್ಟೂ ಅದುರದೆ, ಏನೂ ಆಗಿಲ್ಲವೆಂಬಂತೆ ನಿಂತಲ್ಲಿ ಓಡತೊಡಗಿತು. ನಾನು ಹಿಂದಿರುಗಿ ನೋಡಿದೆ. ಅಣ್ಣ ತಲೆ ಅಲ್ಲಾಡಿಸಿದ. ಅಪ್ಪನ ಬಾಯಿ ತೆರೆದಿತ್ತು.

ಮಣ್ಣು ಮಾಡಿ ಬಂದು ಅಂಗಳದಲ್ಲಿ ಕುಳಿತಿದ್ದಾಗ ಮಿಸ್ತ್ರಿ ಬಂದರು. ವ್ಯಾನು ನಿಂತು, ಆಮೇಲೆ ತಾನೇ ಚಾಲೂ ಆದದ್ದನ್ನು ಯಾರೋ ಅವರಿಗೆ ಹೇಳಿದ್ದರು. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬಿಸಿಯಾಗಿ ಕಿಡಿ ಸತ್ತಿದೆಯೆಂದು, ತಣ್ಣಗಾದ ಮೇಲೆ ಕಿಡಿ ಮರಳಿದೆಯೆಂದು ಅವರಿಗೆ ಅಷ್ಟರಿಂದಲೇ ಗೊತ್ತಾಗಿತ್ತು. ನಾನು ಸುಳ್ಳು ಹೇಳಿದ್ದೂ ಗೊತ್ತಾಗಿತ್ತು. ಅದು ನನಗೆ ಆ ಕ್ಷಣ ತಿಳಿಯಲಿಲ್ಲ.

ಅಣ್ಣ ಎದ್ದು ಅವರ ಅಂಗಿ ಹಿಡಿದ. "ಮೂರು ದಿನದ ಹಿಂದ ನಿನ್ನ ಕೈಯಾಗ ಇತ್ತಲ್ಲ ಗಾಡಿ! ಏನ್ ರಿಪೇರಿ ಮಾಡಿದಿ? ನಮ್ಮಪ್ಪನ್ನ ಕೊಂದಿಯಲ್ಲೋ!"

ಅಂಗಳದ ತುಂಬ ಜನ. ಮಿಸ್ತ್ರಿ ಅಣ್ಣನ ಭುಜದ ಮೇಲಿಂದ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹೌದ್ರಿ," ಎಂದರು ಅವರು. "ತಪ್ಪು ನಂದ. ನೋಡಬೇಕಿತ್ತು, ನೋಡಲಿಲ್ಲ."

ಅಣ್ಣ ಹೊಡೆದ. ತುಟಿ ಒಡೆದು ರಕ್ತ ಅಂಗಿಯ ಮೇಲೆ ಇಳಿಯಿತು. ಮಿಸ್ತ್ರಿ ಕೈ ಎತ್ತಲಿಲ್ಲ. ಹಿರಿಯರು ಬಿಡಿಸಿದರು. ಅವರು ಬಾಯಿ ಒರೆಸಿಕೊಳ್ಳುತ್ತ ನಡೆದೇ ಹೋದರು.

ಸುತ್ತಲಿನ ಹಳ್ಳಿಗಳಲ್ಲಿ ಮಾತು ಹಬ್ಬಿತು. ಮಿಸ್ತ್ರಿ ತಾವೇ ಒಪ್ಪಿಕೊಂಡ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ಜೀಪುಗಳು ಬರುವುದು ಕಡಿಮೆಯಾಯಿತು, ಆಮೇಲೆ ಕಾರುಗಳು. ಒಂದು ವರ್ಷದೊಳಗೆ ಅವರು ಸೈಕಲ್ಲು, ಬೈಕುಗಳ ಪಂಕ್ಚರ್ ಹಾಕುವುದಕ್ಕೆ ಇಳಿದರು. ನಾನು ವ್ಯಾನು ಮಾರಿ ಬೇರೆಯವರ ಗಾಡಿಗೆ ಡ್ರೈವರಾದೆ. ಇರಕಲ್ಲಗಡ ದಾಟುವಾಗ ಶೆಡ್ಡಿನ ಕಡೆ ಮುಖ ಮಾಡುತ್ತಿರಲಿಲ್ಲ. ಒಂದೆರಡು ಸಲ ಕಣ್ಣಿಗೆ ಬಿದ್ದಾಗ ಅವರು ಕೈ ಎತ್ತಿದ್ದರು, ಗುರುತಿನವರಿಗೆ ಎತ್ತುವ ಹಾಗೆ.

ಆರನೆಯ ವರ್ಷ ಅವರಿಗೆ ಲಕ್ವಾ ಹೊಡೆಯಿತೆಂದು ಕೇಳಿ ಹೋದೆ. ಬಲಗೈ ಎದೆಯ ಮೇಲೆ ಮಡಚಿಕೊಂಡು ಬಿದ್ದಿತ್ತು. ಅವರ ಹೆಂಡತಿ ಮೂಲೆಯಲ್ಲಿ ಕುಳಿತು ಗಂಜಿ ಆರಿಸುತ್ತಿದ್ದರು. ನಾನು ಎಲ್ಲ ಹೇಳಿದೆ. ಅಳು ಬಂದು ಮಾತು ನಿಂತಾಗ ಮಿಸ್ತ್ರಿ ಎಡಗೈ ಆಡಿಸಿದರು.

"ನನಗ ಅವತ್ತ ಗೊತ್ತಿತ್ತು ತಮ್ಮಾ." ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. "ನಿಮ್ಮಣ್ಣ ಅವತ್ತು ಅಗದೀ ಬೆಂಕಿ ಆಗಿದ್ದ. ತಂದಿ ಹೋದ ದಿನಾನ ನೀ ಅಣ್ಣನ್ನೂ ಕಳಕೊಳ್ಳೂದು ಬ್ಯಾಡ ಅನಿಸ್ತು."

"ಅದಕ್ಕ ನೀವು..."

"ಸುಳ್ಳೇನ್ ಹೇಳಿಲ್ಲ ನಾನು. ನಿನ್ನ ಮಾತಿನ ಮ್ಯಾಲೆ ಅನುಮಾನ ಬಂದಿತ್ತು. ಬಿಸಲಾಗ ಒಂದು ಸುತ್ತು ಓಡಿಸಿ ನೋಡಬೇಕಿತ್ತು. ಅಂದು ಯಾಕೋ ಬ್ಯಾಸರಾತು, ಬಿಟ್ಟೆ. ನಂದೂ ಐತಿ ಅದರಾಗ."

ಊರಿಗೆ ಹೇಳುತ್ತೇನೆಂದೆ. "ಹೋಗ್ಲಿ ಬಿಡು. ಈಗ ಹೇಳಿ ಏನ್ ಮಾಡ್ತಿ," ಎಂದರು.

ಹೊರಗೆ ಬಂದಾಗ ಅವರ ಹೆಂಡತಿ ಹಿಂದೆಯೇ ಬಂದರು. "ಅಂವ ಹಂಗ ಅಂತಾನ. ನಾನು ಅನ್ನಂಗಿಲ್ಲ," ಎಂದರು. "ಆರು ವರ್ಷ ನಾವು ಹೆಂಗ ಬದುಕೀವಿ ನಿನಗೇನ್ ಗೊತ್ತು? ಇಲ್ಲಿ ಬಂದು ಅಳಬ್ಯಾಡ. ಅಲ್ಲಿ ಊರ ಮುಂದ ಹೋಗಿ ಹೇಳು."

ಇಬ್ಬರ ಮಾತಿನಲ್ಲಿ ನಾನು ನನಗೆ ಅನುಕೂಲವಾದದ್ದನ್ನು ಆರಿಸಿಕೊಂಡೆ. ಎರಡು ತಿಂಗಳು ಕಳೆಯುವುದರೊಳಗೆ ಮಿಸ್ತ್ರಿ ತೀರಿಕೊಂಡರು.

ಸುದ್ದಿ ಬಂದ ಬೆಳಿಗ್ಗೆ ಅಣ್ಣ ದನದ ಕೊಟ್ಟಿಗೆಯಲ್ಲಿದ್ದ. ಅಲ್ಲೇ ನಿಂತು ಹೇಳಿದೆ. ಅವರು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಮದುವೆಯ ಬಾಡಿಗೆ, ಎಲ್ಲ. ಅಣ್ಣ ಕೈಯಲ್ಲಿದ್ದ ಸಜ್ಜೆಯ ದಂಟನ್ನು ಗೋದಲಿಗೆ ಹಾಕಿದ.

"ಅಂವಗ ಗೊತ್ತಿತ್ತೇನು, ನಾ ಹೊಡಿಯೂ ಮುಂದ?"

"ಗೊತ್ತಿತ್ತು."

ಅಣ್ಣ ಕೈಕಾಲು ತೊಳೆದು ಅಂಗಿ ಹಾಕಿಕೊಂಡು ಇರಕಲ್ಲಗಡಕ್ಕೆ ನಡೆದ. ನಾನು ಹತ್ತು ಮಾರು ಹಿಂದೆ ನಡೆದೆ. ಅಲ್ಲಿ ಸೇರಿದ್ದ ಜನರೆದುರು ಮಿಸ್ತ್ರಿಯ ಹೆಂಡತಿಯ ಕಾಲು ಮುಟ್ಟಿ, "ನಾ ಹೊಡೆದದ್ದು ತಪ್ಪಾತವ್ವಾ. ಸುಳ್ಳು ಹೇಳಿದಂವ ನನ್ನ ತಮ್ಮ," ಎಂದ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡರು. ಅಣ್ಣ ಹೆಣಕ್ಕೆ ಹೆಗಲು ಕೊಟ್ಟ. ನಾನೂ ಕೊಡಲು ಹೋದಾಗ ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿದರು.

ಅಂದಿನಿಂದ ಅಣ್ಣ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಅದಕ್ಕೆ ಮೊದಲಿನ ಆರು ವರ್ಷ ನಾವಿಬ್ಬರೂ ಪ್ರತಿದಿನ ಒಟ್ಟಿಗೆ ಕುಳಿತು ಉಂಡಿದ್ದೆವು. ನನಗೆ ಜ್ವರ ಬಂದಾಗ ಅಣ್ಣ ಹಾಸಿಗೆಯ ಪಕ್ಕ ಕುಳಿತಿದ್ದ, ನನ್ನ ಮಗಳ ಹೆಸರನ್ನು ತೊಟ್ಟಿಲಲ್ಲಿ ಅವನೇ ಕೂಗಿದ್ದ. ಆ ಆರು ವರ್ಷಗಳನ್ನು ನನಗೆ ಕೊಟ್ಟವರು ಮಿಸ್ತ್ರಿ.