ಜಾನಬಿ ಕಲಿಯಲು ಹೋದ ಆರು ದಿನ

ಕೋಗಳಿ ಕಡೆಯ ಹಳ್ಳಿಗಳಲ್ಲಿ ಕೈಪಂಪು ಕೆಟ್ಟರೆ ಜನ ಹೇಳಿ ಕಳಿಸುತ್ತಿದ್ದದ್ದು ಜಾನಬಿಗೆ. ಗಂಡ ಹಸನ್ ಸಾಬನ ಸೈಕಲ್ ಅಂಗಡಿಯ ಪಾನಾಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಅವಳು ಬಸ್ಸೋ ಟ್ರ್ಯಾಕ್ಟರೋ ಸಿಕ್ಕಿದ್ದನ್ನು ಹತ್ತಿಬಿಡುತ್ತಿದ್ದಳು. ೧೯೯೭ರಲ್ಲಿ ಹರಪನಹಳ್ಳಿಯಲ್ಲಿ ಹೆಂಗಸರಿಗೆ ಪಂಪು ರಿಪೇರಿ ಕಲಿಸುವ ಆರು ದಿನದ ತರಬೇತಿ ನಡೆದಾಗ ತನ್ನ ಊರಿಂದ ಹೋದವಳು ಅವಳೊಬ್ಬಳೇ. ಆ ಆರು ದಿನದ ಬಗ್ಗೆ ಮಾತ್ರ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ.

೨೦೦೮ರ ನವೆಂಬರ್‌ನಲ್ಲಿ ಊರಿನ ಹೈಸ್ಕೂಲಿನ ಪಂಪೇ ಕೆಟ್ಟಿತು. ವಾಷರು ತರಿಸುವಷ್ಟರಲ್ಲಿ ಒಂಬತ್ತು ದಿನ ಹೋಯಿತು. ಅದು ಬಂದದ್ದು ಮಕ್ಕಳ ದಿನಾಚರಣೆಯ ದಿವಸ. ಅಂದು ರಾತ್ರಿಯೇ ನಮ್ಮ ದೇಶದ ಯಂತ್ರವೊಂದು ಚಂದ್ರನ ನೆಲಕ್ಕೆ ಹೋಗಿ ಅಪ್ಪಳಿಸಲಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ವಿಜ್ಞಾನದ ಮಾಸ್ತರ ಗವಿಸಿದ್ದೇಶ್ ಉತ್ಸಾಹದಿಂದ ಚರ್ಚಾಸ್ಪರ್ಧೆ ಇಟ್ಟಿದ್ದರು: ಭೂಮಿಯ ಕಷ್ಟ ತೀರುವ ಮೊದಲೇ ಮನುಷ್ಯ ಬೇರೆ ಗ್ರಹಕ್ಕೆ ಹೋಗಿ ನೆಲೆಸಬೇಕೇ?

ಶಾಲಾ ಸಮಿತಿಯ ಅಧ್ಯಕ್ಷ ಚೌಡಣ್ಣ ಬಂದವನೇ ಸಿಡುಕಿದ. “ಏನ್ರಿ ಮಾಸ್ತರ, ಹುಡುಗ್ರು ನೀರಿಲ್ಲದ ಬಾಯಿ ಒಣಗಿಸ್ಕೊಂಡು ಕುಂತಾವ. ನೀವು ಚಂದ್ರಲೋಕದ ಮಾತು ತಗದೀರಿ?”

“ನಿಮ್ಮ ಮಾತೂ ವಿಷಯದಾಗ ಐತ್ರಿ. ಕುಂತು ಕೇಳ್ರಿ,” ಎಂದರು ಗವಿಸಿದ್ದೇಶ್.

ವೇದಿಕೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಜಾನಬಿ, ಶಾಲೆಯ ಜವಾನ ಉಜ್ಜಿನಪ್ಪನ ಜೊತೆ ಬೋರಿನಿಂದ ಪೈಪುಗಳನ್ನು ಮೇಲೆತ್ತುತ್ತಿದ್ದಳು. ಒಂದು ಪೈಪು ಬಿಚ್ಚುವಾಗ ಅದರ ಕೆಳಗಿನವನ್ನೆಲ್ಲ ಕ್ಲಾಂಪು ಕಚ್ಚಿ ಹಿಡಿಯಬೇಕು. ಅವಳ ಕ್ಲಾಂಪಿನ ಹಲ್ಲು ಸವೆದಿತ್ತು. ಹಿಡಿಕೆಯ ಮೇಲೆ ಮೈಭಾರ ಬಿಟ್ಟು ನಿಂತರಷ್ಟೇ ಹಿಡಿತ. ಬಿಟ್ಟರೆ ಪೈಪೆಲ್ಲ ಬೋರಿನ ತಳಕ್ಕೆ ಜಾರಿ ಪಂಪಿನ ಕಥೆ ಮುಗಿಯುತ್ತಿತ್ತು.

ಮೈಕಿನಲ್ಲಿ ಮಗಳು ಮೆಹರೀನಳ ದನಿ ಕೇಳಿತು. ಒಂಬತ್ತನೆಯ ತರಗತಿಯ ಹುಡುಗಿ. ಹೋಗಬೇಕು ಎನ್ನುವ ಪಕ್ಷ.

“ನಮ್ಮಮ್ಮಿ ಪಂಪು ರಿಪೇರಿ ಕಲ್ಯಾಕ ಹೊಂಟಾಗ ಓಣಿ ಮಂದಿ, ಮೊದ್ಲ ಮನಿ ಕೆಲಸ ಮುಗಸು, ಆಮ್ಯಾಲ ಹೋಗು ಅಂದ್ರಂತ. ಮನಿ ಕೆಲಸ ಯಾವಾಗ ಮುಗಿತೈತ್ರಿ? ಕಸ ಹೊಡದ ಮ್ಯಾಲ ಮತ್ತ ಕಸ ಬೀಳತೈತಿ. ಭೂಮಿ ಕೆಲಸ ಮುಗೀಲಿ ಅಂತ ಕುಂತ್ರ ಮನುಷ್ಯಾರು ಎಲ್ಲಿಗೂ ಹೋಗಂಗಿಲ್ಲ. ಅವತ್ತು ನಮ್ಮಮ್ಮಿ ಹೋಗಿದ್ದಕ್ಕ ಇವತ್ತು...”

“ನಿಮ್ಮವ್ವ ಹೋದಾಗ ಮನ್ಯಾಗ ಏನಾತು, ಅದನ್ನೂ ಹೇಳವಾ!” ಚೌಡಣ್ಣ ಎದ್ದು ನಿಂತಿದ್ದ. “ನಿನ್ನ ತಮ್ಮ ಸತ್ತ. ಕೂಸಿನ ಮಣ್ಣಿಗೂ ಸಿಗಲಿಲ್ಲ ನಿಮ್ಮವ್ವ. ಮನಿ ಬಿಟ್ಟು ಹೋದ್ರ ಹಿಂಗ ಆಗತೈತಿ!”

ತೌಸೀಫ್ ಎಂಬ ತಮ್ಮನಿದ್ದ, ಕಾಯಿಲೆಯಿಂದ ತೀರಿಕೊಂಡ ಎಂಬಷ್ಟೇ ಮೆಹರೀನಳಿಗೆ ಗೊತ್ತಿತ್ತು. ಯಾವಾಗ ಎಂದು ಯಾರೂ ಹೇಳಿರಲಿಲ್ಲ. ಅವಳು ತಾಯಿಯತ್ತ ತಿರುಗಿ ನೋಡಿದಳು. ಇಡೀ ಶಾಲೆಯೇ ತಿರುಗಿ ನೋಡಿತು.

ಆಗಲೇ ಕ್ಲಾಂಪು ಜಾರಿತು. ಪೈಪು ಗೇಣುದ್ದ ಕೆಳಗಿಳಿಯಿತು. “ಅಕ್ಕಾ, ಬಿಡಬ್ಯಾಡ!” ಎಂದು ಉಜ್ಜಿನಪ್ಪ ಕಿರುಚಿದ. ಓಡಿಹೋಗಿ ಮಗಳನ್ನು ಅಪ್ಪಿಕೊಳ್ಳಬೇಕೆಂದು ಜಾನಬಿಯ ಜೀವ ಒದ್ದಾಡುತ್ತಿತ್ತು. ಕೈ ಬಿಡುವಂತಿರಲಿಲ್ಲ. ಹಿಡಿಕೆಯ ಮೇಲೆ ಎದೆಯೂರಿ ಒತ್ತಿದಳು. ಅಂಗೈ ಸೀಳಿ ರಕ್ತ ಹಿಡಿಕೆಗುಂಟ ಇಳಿಯಿತು.

ಗವಿಸಿದ್ದೇಶ್ ವೇದಿಕೆಯಿಂದ ಹಾರಿ ಓಡಿ ಬಂದು ಇನ್ನೊಂದು ಪಾನಾ ಹಾಕಿ ಬಿಗಿದರು. ಪೈಪು ನಿಂತಿತು.

ಜಾನಬಿ ಸೆರಗಿನಲ್ಲಿ ಅಂಗೈ ಸುತ್ತಿಕೊಂಡು ನೇರ ವೇದಿಕೆ ಹತ್ತಿದಳು. ಅವಳು ಮೈಕಿನ ಮುಂದೆ ನಿಂತದ್ದು ಅದೇ ಮೊದಲು.

“ಚೌಡಣ್ಣ ಹೇಳಿದ್ದು ಖರೆ ಐತಿ. ನಾಕನೇ ದಿನ ಕೂಸಿಗೆ ವಾಂತಿಭೇದಿ ಆತು. ನನಗ ಸುದ್ದಿ ಮುಟ್ಟೋದ್ರಾಗ ಎಲ್ಲಾ ಮುಗದಿತ್ತು. ನಾ ಇದ್ದಿದ್ರ ಉಳೀತಿತ್ತೇನೋ. ಆದ್ರ ಓಣಿ ಪಂಪು ಕೆಟ್ಟು ತಿಂಗಳಾಗಿತ್ತು. ಮಂದಿ ಹೊಂಡದ ನೀರು ಕುಡೀತಿದ್ರು, ನನ್ನ ಕೂಸೂ ಕುಡೀತು. ರಿಪೇರಿ ಮಾಡೋರು ಇಲ್ಲಂತ ನಾ ಕಲ್ಯಾಕ ಹೋಗಿದ್ದೆ. ಒಂದು ತಿಂಗಳು ಮೊದ್ಲ ಹೋಗಿದ್ರ ಆ ಹೊಂಡದ ನೀರು ಯಾರು ಕುಡೀತಿದ್ರು? ಎರಡೂ ಖರೆ ಅದಾವ. ಹನ್ನೊಂದು ವರ್ಷ ಆತು, ಯಾವುದು ಹೆಚ್ಚು ಖರೆ ಅಂತ ನನಗ ಇನ್ನೂ ತಿಳಿದಿಲ್ಲ.”

ಸಡಿಲಿದ ಸೆರಗನ್ನು ಅಂಗೈಗೆ ಮತ್ತೆ ಬಿಗಿದು ಮುಂದುವರಿಸಿದಳು. “ಚಂದ್ರನ ಮ್ಯಾಲ ಹೋಗೋರು ಹೋಗ್ಲಿ. ಆದ್ರ ಮನ್ಯಾಗಿನ ಕೂಸು ಯಾರ ಕೈಯಾಗ ಐತಿ ಅಂತ ನೋಡಿ ಹೋಗ್ಲಿ. ಬರಾಗ ಬರಿಗೈಲೆ ಬರಬಾರದು.”

ಚೌಡಣ್ಣ ತಲೆ ತಗ್ಗಿಸಿ ಕುಳಿತ. ಆಮೇಲೆ ಎದ್ದು ಬಂದು, ಅಂಗಿಯ ತೋಳು ಮಡಚಿ, ಉಜ್ಜಿನಪ್ಪನ ಎದುರು ಪೈಪಿಗೆ ಕೈ ಹಚ್ಚಿದ.

ಬಹುಮಾನ ಇನ್ನೊಂದು ಪಕ್ಷದ ಹುಡುಗನಿಗೆ ಹೋಯಿತು. ನಾಲ್ಕು ಗಂಟೆಗೆ ಪಂಪು ಮೊದಲು ಕೆಂಪು ನೀರನ್ನೂ ಆಮೇಲೆ ತಿಳಿ ನೀರನ್ನೂ ಕೊಟ್ಟಿತು. ಮೆಹರೀನ ಆ ನೀರಲ್ಲೇ ತಾಯಿಯ ಕೈ ತೊಳೆದು ಬಟ್ಟೆ ಕಟ್ಟಿದಳು. ಮನೆಯ ದಾರಿಯಲ್ಲಿ ತಾನೇ ಗೋಣಿಚೀಲ ಹೊತ್ತು ಕೇಳಿದಳು:

“ಅಮ್ಮಿ, ತೌಸೀಫಗ ಮಾತು ಬರತಿತ್ತೇನು?”

“ಎರಡ ಮಾತು ಬರತಿದ್ವು,” ಎಂದಳು ಜಾನಬಿ. “ಅಮ್ಮಿ ಅನ್ನೂದು ಒಂದು, ನಿನ್ನ ಹೆಸರು ಒಂದು. ಪೂರ್ತಿ ಅನ್ನಾಕ ಬರತಿರಲಿಲ್ಲ, ‘ಮೇ’ ಅಂತಿದ್ದ.”